ಟೈರಿನ ಹೆಸರಿಗೆಷ್ಟು, ರಬ್ಬರಿಗೆಷ್ಟು?

ಕಳೆದ ವರ್ಷ, ಅಂದರೆ 2025ರ ಚೌತಿಗೆ ಊರಿಗೆ ಹೋಗಲು ಮತ್ಸ್ಯಗಂಧದಲ್ಲಿ ಟಿಕೆಟ್ ಸಿಗಲಿಲ್ಲ. ಮನೆ ಕುರ್ಲಾದಲ್ಲಿ, ರೈಲು ಹೊರಡುವ ಲೋಕಮಾನ್ಯ ತಿಲಕ್ ಟರ್ಮಿನಸ್ ಕೂಗಳತೆಯಲ್ಲಿ. ಆದರೂ ಹಬ್ಬದ ಹೊತ್ತಿಗೆ ನಮಗೆ ಸಿಗುವುದು ವೇಟಿಂಗ್ ಲಿಸ್ಟ್ ಮಾತ್ರ. ಕಾರಿನಲ್ಲೇ ಹೋಗೋಣ ಎಂದು ತೀರ್ಮಾನವಾಯಿತು. ಕುಂದಾಪುರಕ್ಕೆ 800 ಕಿಲೋಮೀಟರಿಗೂ ಹೆಚ್ಚು. ಅದೂ ಆಗಸ್ಟ್ ಮಳೆಯಲ್ಲಿ, 2011ರಲ್ಲಿ ಶುರುವಾದ ಅಗಲೀಕರಣ ಇನ್ನೂ ಪೂರ್ತಿ ಮುಗಿಯದ ಮುಂಬೈ–ಗೋವಾ ಹೆದ್ದಾರಿಯಲ್ಲಿ. ಹಿಂದಿನ ಸೀಟಿನಲ್ಲಿ ಅಮ್ಮ ಮತ್ತು ಇಬ್ಬರು ಮಕ್ಕಳು.

ಕಾರನ್ನು ಸರ್ವಿಸಿಗೆ ಕೊಟ್ಟಾಗ ಮೆಕ್ಯಾನಿಕ್ ಟೈರಿನ ಗೀರಿಗೆ ಬೆರಳಿಟ್ಟು ತೋರಿಸಿದ. ಗೀರುಗಳ ನಡುವೆ ಅಡ್ಡಲಾಗಿ ಇರುವ ಸಣ್ಣ ರಬ್ಬರ್ ದಿಬ್ಬದ ಮಟ್ಟಕ್ಕೇ ಟೈರು ಸವೆದಿತ್ತು. ಆ ದಿಬ್ಬದ ಎತ್ತರ 1.6 ಮಿಲಿಮೀಟರ್. ಅದಕ್ಕಿಂತ ಕೆಳಗೆ ಹೋದರೆ ಗೀರುಗಳಿಗೆ ನೀರನ್ನು ಹೊರದಬ್ಬುವ ಶಕ್ತಿ ಉಳಿಯುವುದಿಲ್ಲ. ಕಾರು ರಸ್ತೆಯ ಮೇಲಲ್ಲ, ನೀರಿನ ಪದರದ ಮೇಲೆ ಜಾರುತ್ತದೆ. ನಾಲ್ಕೂ ಬದಲಾಯಿಸಲೇಬೇಕಿತ್ತು.

ಕುರ್ಲಾ ಪಶ್ಚಿಮದಲ್ಲಿ ಟೈರಿಗೆ ಬರವಿಲ್ಲ. ಒಂದು ಕಾಲಕ್ಕೆ ಪ್ರೀಮಿಯರ್ ಪದ್ಮಿನಿ ತಯಾರಾಗುತ್ತಿದ್ದ ಜಾಗ ಇದು. ಕಾರ್ಖಾನೆ ಹೋಯಿತು, ಕಾರಿನ ವ್ಯಾಪಾರ ಉಳಿಯಿತು. ಬೆಂಗಳೂರಿನ ಜೆ.ಸಿ. ರಸ್ತೆ ನೋಡಿದವರಿಗೆ ಇಲ್ಲಿನ ಸಿಎಸ್‌ಟಿ ರಸ್ತೆಯ ಅಂಗಡಿಗಳನ್ನು ವಿವರಿಸಬೇಕಿಲ್ಲ. ನಾನು ಹೋದ ಅಂಗಡಿಯಲ್ಲಿ ಎಲ್ಲರಿಗೂ ಗೊತ್ತಿರುವ ಹೆಸರಿನ ಟೈರಿಗೆ ಒಂದಕ್ಕೆ 4,600 ರೂಪಾಯಿ ಹೇಳಿದರು. ಪಕ್ಕದಲ್ಲೇ ನಾನು ಎಂದೂ ಕೇಳಿರದ ಹೆಸರಿನದು 3,250ಕ್ಕೆ ಇತ್ತು. ಅಳತೆ ಒಂದೇ. ನಾಲ್ಕಕ್ಕೆ 5,400 ರೂಪಾಯಿ ವ್ಯತ್ಯಾಸ, ಊರಿಗೆ ಹೋಗಿಬರುವ ಪೆಟ್ರೋಲಿನಲ್ಲಿ ಅರ್ಧದಷ್ಟಾದರೂ ಆದೀತು. ಅಂಗಡಿಯವರನ್ನು ಕೇಳಿದರೆ, "ಸಾಬ್, ಎರಡೂ ಓಡುತ್ತವೆ, ನಿಮ್ಮ ಮರ್ಜಿ" ಎಂದರು. ಹೋಟೆಲ್ ನಡೆಸುವ ನಮ್ಮ ಭಾವನಿಗೆ ಫೋನ್ ಮಾಡಿದೆ. "ಟೈರಲ್ಲಿ ದುಡ್ಡು ಉಳಿಸೂಕೆ ಹೋಗ್ಬೇಡ ಮಾರಾಯ" ಎಂದು ಒಂದೇ ಮಾತಿನಲ್ಲಿ ಮುಗಿಸಿದರು.

ಭಾವನ ಮಾತನ್ನು ತಳ್ಳಿಹಾಕುವಂತಿರಲಿಲ್ಲ. ಆದರೆ ಬಾಂದ್ರಾ–ಕುರ್ಲಾ ಕಾಂಪ್ಲೆಕ್ಸಿನಲ್ಲಿ ಕುಳಿತು ದಿನವಿಡೀ ಬೇರೆಯವರ ಲೆಕ್ಕ ಪರಿಶೀಲಿಸುವವನು ನಾನು. ಹೆಚ್ಚಿಗೆ ಕೊಡುವ 5,400 ರೂಪಾಯಿ ಯಾವುದಕ್ಕೆ ಎಂದು ತಿಳಿಯದೆ ಕೈ ಬಿಚ್ಚಲು ಮನಸ್ಸಾಗಲಿಲ್ಲ. ಎರಡೂ ಟೈರುಗಳನ್ನು ನೆಲದ ಮೇಲೆ ಮಲಗಿಸಿ, ಮೊಬೈಲ್ ಟಾರ್ಚ್ ಹಾಕಿ ಪಕ್ಕದ ಅಕ್ಷರಗಳನ್ನು ಓದಿದೆ.

ಎರಡರಲ್ಲೂ 165/70 ಆರ್ 14, 81 ಟಿ ಎಂದಿತ್ತು. 81 ಎಂದರೆ ಒಂದೊಂದು ಟೈರು 462 ಕಿಲೋ ಹೊರಬಲ್ಲದು, ಟಿ ಎಂದರೆ ಗಂಟೆಗೆ 190 ಕಿ.ಮೀ. ವೇಗದವರೆಗೆ ಸೈ. ಎರಡಕ್ಕೂ ಐಎಸ್‌ಐ ಗುರುತಿತ್ತು. ಇದೇನು ಕಂಪನಿಯ ಔದಾರ್ಯವಲ್ಲ. 2009ರ ಗುಣಮಟ್ಟ ನಿಯಂತ್ರಣ ಆದೇಶದ ಪ್ರಕಾರ ಈ ಗುರುತಿಲ್ಲದ ವಾಹನ ಟೈರನ್ನು ದೇಶದಲ್ಲಿ ಮಾರುವಂತಿಲ್ಲ, ಕಾರಿನ ಟೈರಿಗೆ ಅನ್ವಯಿಸುವ ಮಾನದಂಡ ಐಎಸ್ 15633. ಗುರುತಿಲ್ಲದ ಟೈರು ಎಷ್ಟೇ ಅಗ್ಗಕ್ಕೆ ಸಿಕ್ಕರೂ ಅದರ ಹತ್ತಿರ ಹೋಗಬೇಡಿ. ಸವೆದ ಟೈರಿನಲ್ಲಿ ಬಿಸಿ ಬ್ಲೇಡಿನಿಂದ ಗೀರು ಕೊರೆದು, ಕಪ್ಪು ಪಾಲಿಶ್ ಹೊಡೆದು, "ಒಂದು ವರ್ಷ ಓಡಿದೆ ಅಷ್ಟೇ" ಎಂದು ಕೊಡುವ ಮಾಲಂತೂ ಬೇಡವೇ ಬೇಡ.

ನನ್ನ ತೀರ್ಮಾನ ಬದಲಿಸಿದ್ದು ಕೊನೆಯ ನಾಲ್ಕು ಅಂಕಿ. ಟೈರಿನ ಪಕ್ಕದಲ್ಲಿ ಒಂದು ಅಂಡಾಕಾರದ ಚೌಕಟ್ಟಿನೊಳಗೆ ಇವು ಇರುತ್ತವೆ: ಮೊದಲೆರಡು ವಾರ, ಕೊನೆಯೆರಡು ವರ್ಷ. ಹೆಸರುವಾಸಿ ಟೈರಿನಲ್ಲಿ 4022 ಎಂದಿತ್ತು, 2022ರ 40ನೇ ವಾರದ್ದು. ಅಂದರೆ ಸುಮಾರು ಮೂರು ವರ್ಷ ಗೋದಾಮಿನಲ್ಲಿ ಕುಳಿತಿದ್ದ ಮಾಲು. ಹೆಸರಿಲ್ಲದ್ದರಲ್ಲಿ 2225, ತಯಾರಾಗಿ ಮೂರು ತಿಂಗಳೂ ಆಗಿರಲಿಲ್ಲ. ರಬ್ಬರು ಓಡದಿದ್ದರೂ ಮುದಿಯಾಗುತ್ತದೆ. ಗಾಳಿಯ ಆಮ್ಲಜನಕ, ಓಜೋನ್, ಬಿಸಿಲು ಸೇರಿ ಅದನ್ನು ಗಟ್ಟಿ ಮಾಡುತ್ತವೆ, ಗಟ್ಟಿಯಾದ ರಬ್ಬರು ಒದ್ದೆ ರಸ್ತೆಯನ್ನು ಅಷ್ಟು ಚೆನ್ನಾಗಿ ಹಿಡಿಯುವುದಿಲ್ಲ. ನೆರಳಿನಲ್ಲಿ ಸರಿಯಾಗಿ ಇಟ್ಟಿದ್ದರೆ ಮೂರು ವರ್ಷ ಮಹಾ ಅಪಾಯವೇನಲ್ಲ. ಆದರೆ ಆ ಮೂರು ವರ್ಷಕ್ಕೂ ಹೊಸದರ ದರವನ್ನೇ ಕೊಡಬೇಕೇ? ಇದೇ ಹೆಸರಿನ ತಾಜಾ ಮಾಲು ಇದೆಯೇ ಎಂದು ಕೇಳಿದೆ. ಎರಡು ದಿನ ಬಿಟ್ಟು ಬನ್ನಿ ಎಂದರು. ಮರುದಿನ ಬೆಳಗಿನ ಜಾವ ಹೊರಡಬೇಕಿತ್ತು. ಕೇಳಿರದ ಹೆಸರಿನದನ್ನೇ ಹಾಕಿಸಿದೆ.

ಹಾಗೆಂದು ನಾನು ಗೆದ್ದೆನೆಂದು ಹೇಳುವಂತಿಲ್ಲ. ಅಮ್ಮನನ್ನೂ ಮಕ್ಕಳನ್ನೂ ಕೂರಿಸಿಕೊಂಡು ಹೋಗುವವನಿಗೆ ಎಲ್ಲಕ್ಕಿಂತ ಹೆಚ್ಚು ಬೇಕಾಗಿದ್ದ ಒಂದು ಮಾಹಿತಿ ಎರಡು ಟೈರುಗಳ ಮೇಲೂ ಇರಲಿಲ್ಲ: ಒದ್ದೆ ರಸ್ತೆಯಲ್ಲಿ ಬ್ರೇಕ್ ಹಾಕಿದರೆ ಎಷ್ಟು ದೂರದಲ್ಲಿ ನಿಲ್ಲುತ್ತದೆ?

ಇದನ್ನು ಅಳೆಯಲು ಬಾರದೆಂದಲ್ಲ. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯ 2022ರ ಜೂನ್‌ನಲ್ಲಿ ಅಧಿಸೂಚನೆ ಹೊರಡಿಸಿ, ಟೈರುಗಳ ಉರುಳುವ ಪ್ರತಿರೋಧ, ಒದ್ದೆ ಹಿಡಿತ ಮತ್ತು ಸದ್ದಿಗೆ ಮಿತಿಗಳನ್ನು ಕಡ್ಡಾಯ ಮಾಡಿತು. ಅಂದರೆ ಪರೀಕ್ಷೆ ನಡೆಯುತ್ತದೆ, ಅಂಕಿ ಕಂಪನಿಯ ಬಳಿ ಇರುತ್ತದೆ. ಪಾಸೋ ಫೇಲೋ ಅಷ್ಟನ್ನು ಸರ್ಕಾರ ನೋಡುತ್ತದೆ. 36 ತೆಗೆದು ಪಾಸಾದದ್ದೋ 90 ತೆಗೆದು ಪಾಸಾದದ್ದೋ ಎಂಬುದು ಕೊಳ್ಳುವವನಿಗೆ ತಿಳಿಯುವುದಿಲ್ಲ. 2021ರಲ್ಲಿ ಇಂಧನ ದಕ್ಷತಾ ಬ್ಯೂರೊ ಟೈರಿಗೂ ನಕ್ಷತ್ರದ ಲೇಬಲ್ ತಂದಿತು. ಅದು ಕಂಪನಿಗಳ ಇಚ್ಛೆಗೆ ಬಿಟ್ಟ ಯೋಜನೆ, ಅದರ ನಕ್ಷತ್ರ ಹೇಳುವುದೂ ಇಂಧನ ಉಳಿತಾಯದ ಮಾತು. ಯುರೋಪಿನಲ್ಲಿ 2012ರ ನವೆಂಬರ್‌ನಿಂದ ಪ್ರತಿ ಕಾರು ಟೈರಿಗೂ ಒದ್ದೆ ಹಿಡಿತದ ದರ್ಜೆ ತೋರಿಸುವುದು ಕಡ್ಡಾಯ. ಅಲ್ಲಿ ಮೊದಲು ಜಾರಿಗೆ ಬಂದ ಲೇಬಲ್‌ನ ಲೆಕ್ಕದಲ್ಲಿ, 80 ಕಿ.ಮೀ. ವೇಗದಿಂದ ನಿಲ್ಲುವಾಗ ಮೇಲಿನ ದರ್ಜೆಗೂ ಕೆಳಗಿನ ದರ್ಜೆಗೂ 18 ಮೀಟರ್‌ವರೆಗೆ ವ್ಯತ್ಯಾಸ ಬರಬಹುದು. ನಾಲ್ಕು ಕಾರುಗಳನ್ನು ಸಾಲಾಗಿ ನಿಲ್ಲಿಸುವಷ್ಟು ಜಾಗ! ಮಳೆ ಕಡಿಮೆ ಇರುವವರಿಗೇ ಅಷ್ಟು ಕಾಳಜಿ. 2005ರ ಜುಲೈ 26ರಂದು ಒಂದೇ ದಿನ 944 ಮಿಲಿಮೀಟರ್ ಮಳೆ ಕಂಡ ಈ ನಗರದಲ್ಲಿ, ಆಗುಂಬೆ ಇರುವ ನಮ್ಮ ಕರಾವಳಿ–ಮಲೆನಾಡಿನಲ್ಲಿ ಅಂಥ ಲೇಬಲ್ ಇನ್ನೆಷ್ಟು ಬೇಕು?

ಹೋಲಿಸಲು ಅಂಕಿಯೇ ಇಲ್ಲದಿದ್ದರೆ ಜನ ಹೆಸರನ್ನು ಕೊಳ್ಳುತ್ತಾರೆ. ಜಾಹೀರಾತಿನ ಖರ್ಚೂ ಆ ಹೆಸರಿನ ಬೆಲೆಯೊಳಗೇ ಸೇರಿರುತ್ತದೆ. ಒಳ್ಳೆಯ ಟೈರು ಮಾಡುವ ಸಣ್ಣ ಕಂಪನಿಗೆ ಅದನ್ನು ಸಾಬೀತು ಮಾಡಲು ದಾರಿಯಿಲ್ಲ, ಕಳಪೆ ಮಾಡುವವನಿಗೆ ಸಿಕ್ಕಿಬೀಳುವ ಭಯವಿಲ್ಲ. ಇಬ್ಬರೂ ದರ ಇಳಿಸುವುದೊಂದನ್ನೇ ದಾರಿ ಮಾಡಿಕೊಳ್ಳುತ್ತಾರೆ. ದೊಡ್ಡ ಹೆಸರುಗಳ ದರವಾದರೂ ನ್ಯಾಯವಾದದ್ದೇ ಎಂಬುದೂ ಪ್ರಶ್ನೆಯೇ. ಟ್ರಕ್ಕು ಮತ್ತು ಬಸ್ಸುಗಳ ಬದಲಿ ಟೈರುಗಳ ದರದಲ್ಲಿ ಹೊಂದಾಣಿಕೆ ಮಾಡಿಕೊಂಡ ಆರೋಪದ ಮೇಲೆ ಭಾರತೀಯ ಸ್ಪರ್ಧಾ ಆಯೋಗ ಐದು ದೊಡ್ಡ ಕಂಪನಿಗಳಿಗೆ ಒಟ್ಟು 1,788 ಕೋಟಿ ರೂಪಾಯಿ ದಂಡ ವಿಧಿಸಿದ್ದು 2022ರ ಫೆಬ್ರುವರಿಯಲ್ಲಿ ಬಹಿರಂಗವಾಯಿತು. ಕಂಪನಿಗಳು ಮೇಲ್ಮನವಿ ಹೋದವು, ಅದೇ ಡಿಸೆಂಬರ್‌ನಲ್ಲಿ ಮೇಲ್ಮನವಿ ನ್ಯಾಯಮಂಡಳಿ ಪ್ರಕರಣವನ್ನು ಮರುಪರಿಶೀಲನೆಗೆಂದು ಆಯೋಗಕ್ಕೇ ವಾಪಸು ಕಳಿಸಿತು. ಹಾಗಾಗಿ ಆ ದಂಡವನ್ನು ಅಂತಿಮ ತೀರ್ಪೆಂದು ಹೇಳಲಾಗದು.

ಇನ್ನು ಅಪರಿಚಿತ ಹೆಸರು ಎಂಬುದೂ ನಾವು ನಿಂತ ಜಾಗದ ಮೇಲೆ ಹೋಗುತ್ತದೆ. ಕೆ.ಆರ್.ಎಸ್. ರಸ್ತೆಯ ವಿಕ್ರಾಂತ್ ಎಂದರೆ ಮೈಸೂರಿನವರಿಗೆ ಮನೆಯ ಹೆಸರು. 1997ರಲ್ಲಿ ಅದು ಜೆಕೆ ಟೈರ್ ಕೈಸೇರಿತು. ಇವತ್ತಿನ ಎಂಆರ್‌ಎಫ್ ಕೂಡ 1946ರಲ್ಲಿ ಮದ್ರಾಸಿನಲ್ಲಿ ಆಟಿಕೆ ಬಲೂನು ಮಾಡುತ್ತಿದ್ದ ಕೈಗಾರಿಕೆಯೇ. ಇದಕ್ಕೆ ಇನ್ನೊಂದು ಮುಖವೂ ಇದೆ. ಅದೇ ಮೈಸೂರಿನಲ್ಲಿ ದ್ವಿಚಕ್ರ ವಾಹನಗಳಿಗೆ ಟೈರು ಮಾಡುತ್ತಿದ್ದ ಫಾಲ್ಕನ್ ಕಳೆದ ದಶಕದಲ್ಲಿ ಬಾಗಿಲು ಮುಚ್ಚಿತು. ಐದು ವರ್ಷದ ವಾರಂಟಿ ಎಂದು ಬರೆದುಕೊಟ್ಟವರು ಐದು ವರ್ಷ ಇರುತ್ತಾರೆಯೇ ಎಂಬುದು ಸಣ್ಣ ಬ್ರಾಂಡ್ ಕೊಳ್ಳುವವರು ಕೇಳಿಕೊಳ್ಳಲೇಬೇಕಾದ ಪ್ರಶ್ನೆ. ನಮ್ಮಂಥ ಪರವೂರಿನವರಿಗೆ ಮತ್ತೂ ಒಂದಿದೆ: ಕುರ್ಲಾದಲ್ಲಿ ಸಿಗುವ ಹೆಸರು ಅಂಕೋಲೆಯಲ್ಲಿ ಸಿಗಲಿಕ್ಕಿಲ್ಲ. ದಾರಿಯಲ್ಲಿ ಒಂದು ಟೈರು ಹರಿದರೆ ಜೋಡಿಗೆ ಏನು ಮಾಡುವುದು? ಹಾಗಾಗಿ ನಾನು ಸ್ಟೆಪ್ನಿಗೂ ಒಂದು ಸೇರಿಸಿ ಐದು ಕೊಂಡೆ. ಉಳಿಸಿದ 5,400ರಲ್ಲಿ 3,250 ಅಲ್ಲಿಗೇ ಹೋಯಿತು. ಸಾಲದ್ದಕ್ಕೆ ನಾನು ಕೊಂಡು ಒಂದು ತಿಂಗಳೊಳಗೆ, ಸೆಪ್ಟೆಂಬರ್ 22ರಿಂದ, ಟೈರಿನ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿಯಿತು. ನನ್ನ ನಸೀಬು. ನೀವೀಗ ಕೊಳ್ಳುವುದಾದರೆ ದರ ಕೇಳುವಾಗ ಇದನ್ನು ನೆನಪಿಸಿ.

ಎರಡೇ ಟೈರಿಗೆ ದುಡ್ಡಿದ್ದರೆ ಹೊಸವನ್ನು ಹಿಂದಕ್ಕೆ ಹಾಕಿಸಿ. ಇಂಜಿನ್ ಮುಂದಿನ ಚಕ್ರ ಓಡಿಸಿದರೂ ಸರಿಯೇ, ಒದ್ದೆಯಲ್ಲಿ ಹಿಂಭಾಗ ಜಾರಿದರೆ ಕಾರನ್ನು ಹಿಡಿತಕ್ಕೆ ತರುವುದು ಕಷ್ಟ. ಅಲೈನ್‌ಮೆಂಟ್ ಬಿಡಬೇಡಿ. ಗಾಳಿ ಎಷ್ಟಿರಬೇಕೆಂದು ಡ್ರೈವರ್ ಬಾಗಿಲಿನ ಚೌಕಟ್ಟಿನಲ್ಲಿ ಬರೆದಿರುತ್ತದೆ, ಅಂಗಡಿಯ ಹುಡುಗನ ಅಂದಾಜಿಗೆ ಬಿಡಬೇಡಿ. ನೈಟ್ರೋಜನ್‌ಗೆ ಹೆಚ್ಚು ಕೊಡಿ ಎಂದರೆ ಕೊಡಲೇಬೇಕೆಂದಿಲ್ಲ. ಪುಕ್ಕಟೆ ಗಾಳಿಯಲ್ಲೇ ಶೇ 78 ಅದಿದೆ.

ಬಿಲ್ಲಿನಲ್ಲಿ ಟೈರುಗಳ ಸೀರಿಯಲ್ ನಂಬರ್ ಬರೆಯಿರಿ ಎಂದಾಗ ಅಂಗಡಿಯವರು ಸ್ವಲ್ಪ ಗೊಣಗಿದರು. ಕೈಬಿಲ್ಲು ಸಾಕಲ್ಲ, ಜಿಎಸ್‌ಟಿ ಬಿಲ್ಲು ಯಾಕೆ ಎಂದರು. ನಾನು ಬಿಡಲಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ದೂರನ್ನು ಕೊಂಡ ಊರಿನಲ್ಲೇ ಕೊಡಬೇಕೆಂದಿಲ್ಲ. ನಾವು ವಾಸಿಸುವ ಅಥವಾ ಕೆಲಸ ಮಾಡುವ ಜಿಲ್ಲೆಯ ಆಯೋಗದಲ್ಲಿ ಕೊಡಬಹುದು. ಊರಿನಲ್ಲಿ ಕೊಂಡು ಪುಣೆ, ಸೂರತ್, ಹೈದರಾಬಾದಿನಲ್ಲಿ ದುಡಿಯುವವರಿಗೆ ಇದು ಸಣ್ಣ ಅನುಕೂಲವಲ್ಲ. ಆದರೆ ಕೈಯಲ್ಲಿ ಸರಿಯಾದ ಬಿಲ್ಲಿರಬೇಕು. ಐದೂ ನಂಬರ್ ಬರೆಸಿಕೊಂಡು, ಫೋಟೊ ತೆಗೆದು ಭಾವನಿಗೂ ಕಳಿಸಿದೆ. "ಇದ್ ಯಾವ ಕಂಪನಿ ಮಾರಾಯ?" ಎಂದು ಉತ್ತರ ಬಂತು.