ತಾಂಬೂಲವೂ ಬೀಸಣಿಗೆಯೂ

ಮನೆಗೆ ಬಂದವರನ್ನು ಎಲ್ಲಿ ಕೂರಿಸಬೇಕು, ಮೊದಲು ಯಾರ ಕೈಗೆ ನೀರು ಕೊಡಬೇಕು, ಹೊರಟವರನ್ನು ಎಲ್ಲಿಯವರೆಗೆ ಕಳುಹಿಸಿ ಬರಬೇಕು ಎಂಬುದನ್ನು ನಮ್ಮ ಗೃಹಿಣಿಯರು ಯಾವ ಪುಸ್ತಕವನ್ನೂ ನೋಡದೆ ಬಲ್ಲರು. ಬೀಗರು ಬಂದಾಗ ಈ ಲೆಕ್ಕದಲ್ಲಿ ಒಂದು ಎಳೆ ತಪ್ಪಿದರೆ ಮೂರು ವರ್ಷ ಮಾತು ಕೇಳಬೇಕಾದೀತು! ರಾಷ್ಟ್ರಗಳೂ ಒಂದು ಬಗೆಯ ಬೀಗರೇ. ಅವುಗಳ ನಡುವಣ ಈ ಲೆಕ್ಕಕ್ಕೆ ಪ್ರೋಟೋಕಾಲ್ ಎಂದು ಹೆಸರು, ನಾವು ಶಿಷ್ಟಾಚಾರವೆನ್ನೋಣ.

ಇದೆಲ್ಲ ಬರಿಯ ಆಡಂಬರವೆಂದು ಮೂಗು ಮುರಿಯುವವರುಂಟು. ಅಂಥವರು 1661ರಲ್ಲಿ ಲಂಡನ್ನಿನಲ್ಲಿ ನಡೆದುದನ್ನು ಕೇಳಬೇಕು. ಸ್ವೀಡನ್ನಿನ ಹೊಸ ರಾಯಭಾರಿಯು ಊರೊಳಗೆ ಬರುವ ಮೆರವಣಿಗೆಯಲ್ಲಿ ಯಾರ ಸಾರೋಟು ಮುಂದೆ ಹೋಗಬೇಕೆಂದು ಫ್ರಾನ್ಸ್ ಮತ್ತು ಸ್ಪೇನ್ ರಾಯಭಾರಿಗಳ ಕಡೆಯವರು ಬೀದಿಯಲ್ಲಿಯೇ ಹೊಡೆದಾಡಿದರು. ಕೆಲವರು ಪ್ರಾಣವನ್ನೇ ಕಳೆದುಕೊಂಡರು. ಇಂಥ ಜಗಳಗಳು ತೀರಲೆಂದು 1815ರಲ್ಲಿ ವಿಯೆನ್ನಾದಲ್ಲಿ ಸೇರಿದ ರಾಜ್ಯಗಳು ಒಂದು ಸರಳ ನಿಯಮ ಮಾಡಿದುವು: ಒಂದೇ ದರ್ಜೆಯ ರಾಯಭಾರಿಗಳಲ್ಲಿ ಮೊದಲು ಬಂದವರು ಮುಂದೆ, ಆಮೇಲೆ ಬಂದವರು ಹಿಂದೆ. 1961ರ ವಿಯೆನ್ನಾ ಒಪ್ಪಂದವೂ ಇದನ್ನೇ ಉಳಿಸಿಕೊಂಡಿತು. ದೇಶ ದೊಡ್ಡದೋ ಚಿಕ್ಕದೋ ಎಂದು ಕೇಳುವಂತಿಲ್ಲ.

ಬ್ರಿಟಿಷರ ಕಾಲದಲ್ಲಿ ನಮ್ಮ ದೇಶದ ಅರಸರ ಮಾನವನ್ನು ತೋಪಿನ ಸದ್ದಿನಲ್ಲಿ ಅಳೆಯುತ್ತಿದ್ದರು. ಮೈಸೂರಿಗೆ 21, ಕೊಲ್ಹಾಪುರಕ್ಕೆ 19, ಸಾಂಗಲಿಗೆ 9. ಇಂದು ದೆಹಲಿಯ ರಾಷ್ಟ್ರಪತಿ ಭವನದ ಅಂಗಳದಲ್ಲಿ ಬೇರೆ ಕ್ರಮವುಂಟು. ಅಧಿಕೃತ ಭೇಟಿಗೆ ಬಂದ ರಾಷ್ಟ್ರಾಧ್ಯಕ್ಷರಿಗೆ 21 ತೋಪು, ಪ್ರಧಾನಮಂತ್ರಿಗೆ 19. ಮೂರು ಸೇನೆಗಳ ಗೌರವ ರಕ್ಷೆ. ಬಳಿಕ ರಾಜಘಾಟದಲ್ಲಿ ಪುಷ್ಪಗುಚ್ಛ. ಪ್ರಬಲ ದೇಶವೆಂದು ಒಂದು ಗುಂಡು ಹೆಚ್ಚಿಲ್ಲ, ಪುಟ್ಟ ದ್ವೀಪವೆಂದು ಒಂದು ಗುಂಡು ಕಡಿಮೆಯಿಲ್ಲ. ಅದೇ ತೋಪು, ಆದರೆ ಆಗ ಅದು ಮೇಲುಕೀಳು ಸಾರುತ್ತಿತ್ತು, ಈಗ ಸಮಾನತೆಯನ್ನು ಸಾರುತ್ತದೆ.

ಹಾಗಾದರೆ ನಿಯಮವೊಂದಿದ್ದರೆ ಸಾಕೆ? ನಮ್ಮ ಕನ್ನಡನಾಡಿನದೇ ಒಂದು ಉದಾಹರಣೆ ಇದಕ್ಕೆ ಉತ್ತರ ಹೇಳುತ್ತದೆ. 1443ರಲ್ಲಿ ಹೆರಾತಿನ ದೊರೆ ಶಾರೂಖನ ರಾಯಭಾರಿಯಾದ ಅಬ್ದುಲ್ ರಜಾಕನು ಮಂಗಳೂರಿನ ಮಾರ್ಗವಾಗಿ ವಿಜಯನಗರಕ್ಕೆ ಬಂದನು. ಇಮ್ಮಡಿ ದೇವರಾಯನ ಅರಮನೆಯಲ್ಲಿ ಅವನಿಗೆ ದಿನದ ಪಡಿ ಗೊತ್ತಾಗಿತ್ತು: ಎರಡು ಕುರಿ, ನಾಲ್ಕು ಜೊತೆ ಕೋಳಿ, ಐದು ಮಣ ಅಕ್ಕಿ, ಒಂದು ಮಣ ಬೆಣ್ಣೆ, ಒಂದು ಮಣ ಸಕ್ಕರೆ, ಎರಡು ವರಹ ಹೊನ್ನು. ಸಭೆ ಮುಗಿದ ಮೇಲೆ ತಾಂಬೂಲ, ಐನೂರು ಹಣದ ಚೀಲ, ಕರ್ಪೂರ. ತಾಂಬೂಲ ಬಂದಿತೆಂದರೆ ಇನ್ನು ಹೊರಡಬಹುದೆಂದು ಅರ್ಥ. ಇಂದಿಗೂ ನಮ್ಮ ಮನೆಗಳಲ್ಲಿ ಅರಿಸಿನ ಕುಂಕುಮದ ತಟ್ಟೆ ಹೇಳುವುದು ಇದನ್ನೇ.

ಇಷ್ಟೂ ಪಟ್ಟಿಯಲ್ಲಿದ್ದುದು. ಪಟ್ಟಿಯಲ್ಲಿಲ್ಲದ ಒಂದು ಸಂಗತಿಯನ್ನೂ ಆ ಪರದೇಶಿ ಬರೆದಿಟ್ಟಿದ್ದಾನೆ. ಮೊದಲ ಭೇಟಿಯ ದಿನ ಮೈತುಂಬ ಬಟ್ಟೆ ತೊಟ್ಟು ಸೆಕೆಯಲ್ಲಿ ಬೆವತುಹೋಗಿದ್ದ ಅವನನ್ನು ಕಂಡು ಅರಸನು ಕನಿಕರಪಟ್ಟು ತನ್ನ ಕೈಯಲ್ಲಿದ್ದ ಬೀಸಣಿಗೆಯನ್ನೇ ಕೊಟ್ಟನಂತೆ. ಕುರಿ ಕೋಳಿಯನ್ನು ಉಗ್ರಾಣದವನು ಕೊಡುತ್ತಾನೆ. ಬೀಸಣಿಗೆಯನ್ನು ಕೊಡಲು ಎದುರಿಗಿರುವವನ ಮುಖ ನೋಡಬೇಕು.

ಮುಖ ನೋಡದ ಮರ್ಯಾದೆ ಏನಾಗುತ್ತದೆಂಬುದಕ್ಕೆ ಸಾಕ್ಷಿ ನಾವಿರುವ ಈ ಪುಣೆಯಲ್ಲೇ ಇದೆ. ಕಂಪನಿಯ ರಾಯಭಾರಿ ಚಾರ್ಲ್ಸ್ ಮ್ಯಾಲೆಟ್ 1786ರಲ್ಲಿ ಪೇಶ್ವೆಯರ ದರ್ಬಾರಿಗೆ ಬಂದನು. ಟಿಪ್ಪುವಿನ ಮೇಲೆ ಕೂಡಿ ದಂಡೆತ್ತುವ ಒಪ್ಪಂದ 1790ರಲ್ಲಿ ಇಲ್ಲಿಯೇ ಆಯಿತು. ಮೈಸೂರಿನ ಹಣೆಬರಹದ ಒಂದು ಸಾಲನ್ನು ಪುಣೆಯಲ್ಲಿ ಬರೆದರೆನ್ನಬೇಕು! ತುಂಬಿದ ದರ್ಬಾರಿನ ಆ ಸಮಾರಂಭವನ್ನು ಥಾಮಸ್ ಡೇನಿಯಲ್ 1805ರಲ್ಲಿ ದೊಡ್ಡ ಚಿತ್ರವಾಗಿ ಬರೆದನು. ಅತ್ತರು, ಪನ್ನೀರು, ತಾಂಬೂಲ, ಉಡುಗೊರೆ ಯಾವುದಕ್ಕೂ ಆ ದರ್ಬಾರಿನಲ್ಲಿ ಕೊರತೆಯಿರಲಿಲ್ಲ. ಕೊರತೆಯಿದ್ದುದು ನಂಬಿಕೆಗೆ. 1817ರ ನವೆಂಬರ್ 5ರಂದು ಖಡಕಿಯಲ್ಲಿ ಯುದ್ಧವಾಯಿತು. ನದಿಗಳ ಸಂಗಮದಲ್ಲಿದ್ದ ರೆಸಿಡೆಂಟನ ಬಿಡದಿಗೆ ಬೆಂಕಿ ಬಿತ್ತು. ಮರುವರ್ಷ ಪೇಶ್ವೆಯರ ಆಳಿಕೆಯೇ ಮುಗಿಯಿತು. ಶನಿವಾರ ವಾಡೆಯ ಅರಮನೆ 1828ರಲ್ಲಿ ಸುಟ್ಟುಹೋಗಿ, ಇಂದು ನಾವು ಮಕ್ಕಳಿಗೆ ತೋರಿಸುವುದು ಕೋಟೆಗೋಡೆ, ಬಾಗಿಲು, ತಳಪಾಯಗಳನ್ನು ಮಾತ್ರ.

ಅರಸರ ಮಾತು ನಮಗೇಕೆ ಎನ್ನಬೇಡಿ. ಪರಊರಿನ ಕನ್ನಡ ಸಂಘಗಳಿಗೂ ಅತಿಥಿಗಳು ಬರುತ್ತಾರೆ. ರಾಜ್ಯೋತ್ಸವಕ್ಕೆ ಮುಖ್ಯ ಅತಿಥಿ ಬಂದರೆ ಹಾರ, ತುರಾಯಿ, ಶಾಲು, ಪುಣೇರಿ ಪಗಡಿ ಎಲ್ಲವೂ ಸಿದ್ಧ. ಅದು ಇರಬೇಕಾದುದೇ. ಅದೇ ಸಂಜೆ ವಿಜಯಪುರದಿಂದಲೋ ಕಲಬುರ್ಗಿಯಿಂದಲೋ ಹೊಸದಾಗಿ ಬಂದ ಒಂದು ಸಂಸಾರ, ಮರಾಠಿ ಬಾರದೆ, ಗುರುತಿನವರಿಲ್ಲದೆ, ಕನ್ನಡದ ಫಲಕ ಕಂಡು ಒಳಗೆ ಬಂದು ಕೊನೆಯ ಸಾಲಿನಲ್ಲಿ ಕುಳಿತಿರುತ್ತದೆ. ಅವರನ್ನು ಯಾವ ಊರೆಂದು ಕೇಳುವವರು ಯಾರು? ಆ ಕೆಲಸ ಎಲ್ಲರದೂ ಆದುದರಿಂದ ಯಾರದೂ ಆಗದೆ ಹೋಗುತ್ತದೆ.

ಇಲ್ಲಿಯೂ ಒಂದು ನಿಯಮ ಮಾಡಿಕೊಂಡರೆ ಚೆನ್ನ. ಪ್ರತಿ ಸಮಾರಂಭಕ್ಕೆ ಇಬ್ಬರು ವೇದಿಕೆಗೆ ಬೆನ್ನು ಮಾಡಿ ಬಾಗಿಲಲ್ಲಿ ನಿಲ್ಲಲಿ. ಹೊಸಬರ ಹೆಸರು ಕೇಳಲಿ, ಮನೆ ಹುಡುಕಿಯಾಯಿತೆ, ಮಕ್ಕಳಿಗೆ ಶಾಲೆ ಸಿಕ್ಕಿತೆ ಎಂದು ವಿಚಾರಿಸಲಿ, ಒಬ್ಬ ಹಳಬರ ಪಕ್ಕದಲ್ಲಿ ಕೂರಿಸಲಿ. ಇಷ್ಟಕ್ಕೆ ಖರ್ಚಿಲ್ಲ. ಮುಖ್ಯ ಅತಿಥಿ ಮರುದಿನ ಊರಿಗೆ ಮರಳುತ್ತಾರೆ. ಕೊನೆಯ ಸಾಲಿನವರು ನಮ್ಮೊಡನೆ ಇಲ್ಲಿಯೇ ಇರುವವರು.