ತಾಲ್ಲೂಕಿನ ಸರಾಸರಿ ಮಳೆ ಸಾಲದು: ಅಂಕಿಗಳನ್ನು ಓದುವ ಕ್ರಮ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಹಾಗೂ ಚಿಂಚೋಳಿ ಭಾಗದ ತೊಗರಿ ಬೆಳೆಯು ಬಹುಪಾಲು ಮಳೆಯನ್ನೇ ಅವಲಂಬಿಸಿದೆ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆ ಮಾಹಿತಿ ಹಾಗೂ 2019ರಲ್ಲಿ ಬಿಡುಗಡೆಯಾದ ‘ಮೇಘದೂತ್’ ಆ್ಯಪ್‌ನ ಸಲಹೆಗಳು ಇಂದು ಮೊಬೈಲ್‌ನಲ್ಲಿಯೇ ಲಭ್ಯವಿವೆ. ಆದರೆ ಅಂಕಿಗಳನ್ನು ಸರಿಯಾಗಿ ಓದದಿದ್ದಲ್ಲಿ ನಿರ್ಧಾರ ತಪ್ಪುತ್ತದೆ.

ಮಳೆಯು ವಾಡಿಕೆಗಿಂತ ಶೇ 19ರವರೆಗೆ ಹೆಚ್ಚಾದರೂ ಕಡಿಮೆಯಾದರೂ ಹವಾಮಾನ ಇಲಾಖೆಯು ಅದನ್ನು ‘ವಾಡಿಕೆ ಮಳೆ’ ಎಂದೇ ವರ್ಗೀಕರಿಸುತ್ತದೆ. ತಿಂಗಳ ಮಳೆಯೆಲ್ಲ ಮೂರೇ ದಿನಗಳಲ್ಲಿ ಸುರಿದರೂ ಒಟ್ಟು ಅಂಕಿ ಅದೇ ಇರುತ್ತದೆ. ಹೊಲದಲ್ಲಿ ಮಾತ್ರ ಕಪ್ಪು ಮಣ್ಣಿನಲ್ಲಿ ನೀರು ನಿಂತು ಬೇರು ಕೊಳೆಯುತ್ತದೆ. ಸುಣ್ಣಕಲ್ಲಿನ ಮೇಲಿನ ತೆಳು ಮಣ್ಣಿನಲ್ಲಿ ತೇವ ಬೇಗನೆ ಆರುತ್ತದೆ.

ಆದ್ದರಿಂದ ಈ ಅಂಶಗಳನ್ನು ಗಮನಿಸಿರಿ:

• ತಾಲ್ಲೂಕಿನ ಸರಾಸರಿಯ ಬದಲು ನಿಮ್ಮ ಗ್ರಾಮ ಪಂಚಾಯಿತಿಯ ಅಂಕಿಯನ್ನು ನೋಡಿರಿ.
• ಮಳೆ ದಿನಗಳನ್ನೂ ಎಣಿಸಿರಿ, 2.5 ಮಿ.ಮೀ. ಅಥವಾ ಅದಕ್ಕಿಂತ ಹೆಚ್ಚು ಮಳೆಯಾದ ದಿನವೇ ಮಳೆ ದಿನ.
• ದಿನದ ಲೆಕ್ಕ ಬೆಳಿಗ್ಗೆ 8.30ಕ್ಕೆ ಮುಗಿಯುತ್ತದೆ. ಮಂಗಳವಾರ ರಾತ್ರಿಯ ಮಳೆ ಬುಧವಾರದ ಅಂಕಿಯಲ್ಲಿ ಸೇರುತ್ತದೆ.
• ಮಂಗಳವಾರ ಮತ್ತು ಶುಕ್ರವಾರದ ಕೃಷಿ ಹವಾಮಾನ ವರದಿಯಲ್ಲಿ 5 ದಿನಗಳ ಮುನ್ಸೂಚನೆ ನೋಡಿದ ನಂತರವೇ ಔಷಧಿ ಸಿಂಪಡಿಸಿರಿ.

ವಿಮೆ ಮಾಡಿಸಿದ ತೊಗರಿ ಜಲಾವೃತವಾದಲ್ಲಿ 72 ಗಂಟೆಗಳೊಳಗೆ ಮಾಹಿತಿ ನೀಡಬೇಕು. ಅಂದಿನ ಪಂಚಾಯಿತಿ ಮಳೆ ಅಂಕಿಯನ್ನು ದಿನಾಂಕಸಹಿತ ಬರೆದಿಟ್ಟುಕೊಳ್ಳಲು ವಿಸ್ತರಣಾ ಕಾರ್ಯಕರ್ತರು ರೈತರಿಗೆ ನೆರವಾಗಬೇಕು.