ಸ್ಕ್ವಾಂಟೊಗೆ ಇಂಗ್ಲಿಷ್ ಕಲಿಸಿದವರು ಯಾರು?

ಮಕ್ಕಳೇ, ಮೊಮ್ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಈ ಪುಟ ಓದುವ ಅಜ್ಜ–ಅಜ್ಜಿಯರೇ,

ಭಾನುವಾರ ಬೆಳಿಗ್ಗೆ ನಾನು ಕಾಫಿ ಕುಡಿಯುತ್ತಿದ್ದಾಗ ಅಮೆರಿಕದಿಂದ ಮೊಮ್ಮಗಳ ವಿಡಿಯೊ ಕರೆ ಬಂತು. ಅಲ್ಲಿ ಆಗ ಶನಿವಾರ ರಾತ್ರಿ. ಅವಳೀಗ ನಾಲ್ಕನೇ ತರಗತಿ. ನವೆಂಬರ್ ತಿಂಗಳ ನಾಲ್ಕನೇ ಗುರುವಾರ ಅಲ್ಲಿ ‘ಥ್ಯಾಂಕ್ಸ್‌ಗಿವಿಂಗ್’ ಎಂಬ ದೊಡ್ಡ ಹಬ್ಬ. ಅದಕ್ಕೆ ಶಾಲೆಯಲ್ಲಿ ನಾಟಕ.

“ತಾತ, ನಂಗೆ ಸ್ಕ್ವಾಂಟೊ ಪಾರ್ಟು! ನಾನು ಇಂಡಿಯನ್ ಅಲ್ವಾ, ಅದಕ್ಕೇ ಕೊಟ್ಟಿರಬೇಕು” ಎಂದು ನಕ್ಕಳು.

ನನಗೂ ನಗು ಬಂತು. 1492ರಲ್ಲಿ ಕೊಲಂಬಸ್ ಅಮೆರಿಕದ ದ್ವೀಪಗಳಿಗೆ ಹೋಗಿ, ಏಷ್ಯಾದ ಕಡೆಯ ‘ಇಂಡೀಸ್’ ತಲುಪಿದೆ ಎಂದುಕೊಂಡ. ಅಲ್ಲಿನ ಜನರನ್ನು ‘ಇಂಡಿಯನ್ನರು’ ಎಂದು ಕರೆದ. ಆ ತಪ್ಪಿಗೆ ಐನೂರು ವರ್ಷ ಕಳೆದರೂ ನಮ್ಮ ಪುಟ್ಟಿಗೆ ಅದರಿಂದ ಒಂದು ಪಾರ್ಟು ಸಿಕ್ಕಿತು!

ಅಷ್ಟರಲ್ಲಿ ಅವಳೇ ಒಂದು ಪ್ರಶ್ನೆ ಎಸೆದಳು. “ತಾತ, ನಾಟಕದಲ್ಲಿ ಇಂಗ್ಲಿಷರು ಹಡಗಿಂದ ಇಳಿದು ಕೆಲವೇ ತಿಂಗಳಾಗಿರುತ್ತೆ. ನಾನು ಕಾಡಿಂದ ಬಂದು ಅವರ ಹತ್ರ ಚೆನ್ನಾಗಿ ಇಂಗ್ಲಿಷ್ ಮಾತಾಡ್ತೀನಿ. ಸ್ಕ್ವಾಂಟೊಗೆ ಇಂಗ್ಲಿಷ್ ಯಾರು ಕಲಿಸಿದ್ರು?”

ಆ ಪ್ರಶ್ನೆಗೆ ಉತ್ತರವೇ ಈ ವಾರದ ಕಥೆ.

ಸ್ಕ್ವಾಂಟೊ ಎನ್ನುವುದು ಗಿಡ್ಡ ಮಾಡಿದ ಹೆಸರು. ಅವನ ಹೆಸರು ಟಿಸ್ಕ್ವಾಂಟಮ್. ಊರು ಪಟಕ್ಸೆಟ್. ಇಂದಿನ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಕಡಲತೀರದಲ್ಲಿತ್ತು ಆ ಊರು. ಅಲ್ಲಿನವರು ವಾಂಪನೋಗ್ ಜನ. ಪೂರ್ವದ ಕಡಲ ಅಂಚಿನಲ್ಲಿ, ಬೆಳಕು ಮೊದಲು ಮೂಡುವ ಕಡೆ ಇರುವವರು ಎಂದು ಆ ಹೆಸರಿನ ಅರ್ಥ. ಮೀನು ಹಿಡಿಯುತ್ತಿದ್ದರು, ಬೇಟೆಯಾಡುತ್ತಿದ್ದರು, ಹೊಲ ಮಾಡುತ್ತಿದ್ದರು.

1614ರಲ್ಲಿ ಜಾನ್ ಸ್ಮಿತ್ ಎಂಬ ಇಂಗ್ಲಿಷ್ ನಾವಿಕ ಆ ತೀರದ ನಕ್ಷೆ ಬರೆಯಲು ಬಂದ. ಅವನು ಹಿಂತಿರುಗಿದ ಮೇಲೂ ಅವನ ಜೊತೆಗಾರ ಥಾಮಸ್ ಹಂಟ್ ಇನ್ನೊಂದು ಹಡಗಿನೊಂದಿಗೆ ಅಲ್ಲೇ ಉಳಿದ. ವ್ಯಾಪಾರ ಮಾಡೋಣ ಬನ್ನಿ ಎಂದು ಪಟಕ್ಸೆಟ್‌ನ ಸುಮಾರು 20 ಜನರನ್ನು ಹಡಗಿಗೆ ಹತ್ತಿಸಿಕೊಂಡ. ಅವರು ಹತ್ತಿದ ಮೇಲೆ ಸೆರೆಹಿಡಿದು ಹಡಗು ಬಿಟ್ಟೇಬಿಟ್ಟ. ಅಟ್ಲಾಂಟಿಕ್ ಸಾಗರ ದಾಟಿಸಿ, ಸ್ಪೇನ್ ದೇಶದ ಮಾಲಗ ಎಂಬ ಬಂದರಿನಲ್ಲಿ ಗುಲಾಮರನ್ನಾಗಿ ಮಾರಲು ನಿಂತ. ಅವರಲ್ಲಿ ಟಿಸ್ಕ್ವಾಂಟಮ್‌ನೂ ಒಬ್ಬ.

ವಿಷಯ ತಿಳಿದ ಅಲ್ಲಿನ ಕ್ರೈಸ್ತ ಸನ್ಯಾಸಿಗಳು ಉಳಿದವರನ್ನು ಹಂಟ್‌ನ ಕೈಯಿಂದ ಬಿಡಿಸಿಕೊಂಡರು. ಮುಂದೆ ಟಿಸ್ಕ್ವಾಂಟಮ್ ಹೇಗೋ ಲಂಡನ್ ಸೇರಿದ. ಜಾನ್ ಸ್ಲೇನಿ ಎಂಬ ವ್ಯಾಪಾರಿಯ ಮನೆಯಲ್ಲಿದ್ದ. ಪುಟ್ಟಿಯ ಪ್ರಶ್ನೆಗೆ ಉತ್ತರ ಇಲ್ಲಿದೆ. ಅವನು ಇಂಗ್ಲಿಷ್ ಕಲಿತದ್ದು ಯಾವ ಶಾಲೆಯಲ್ಲೂ ಅಲ್ಲ. ಊರಿಂದ ಕದ್ದೊಯ್ದ ಮೇಲೆ, ಮನೆಗೆ ಮರಳುವ ದಾರಿ ಹುಡುಕುತ್ತಾ ಕಲಿತ. ಆ ವ್ಯಾಪಾರಿಯ ಕಂಪನಿಗೆ ಇಂದಿನ ಕೆನಡಾದ ನ್ಯೂಫೌಂಡ್‌ಲೆಂಡ್‌ನಲ್ಲಿ ವ್ಯವಹಾರವಿತ್ತು. ಆ ಹಡಗಿನಲ್ಲಿ ಅಲ್ಲಿಗೆ ಹೋದ. ಕೊನೆಗೆ ಥಾಮಸ್ ಡರ್ಮರ್ ಎಂಬ ಕಪ್ತಾನನ ಜೊತೆ 1619ರಲ್ಲಿ ತನ್ನೂರಿನ ತೀರಕ್ಕೆ ಬಂದಿಳಿದ. ಐದು ವರ್ಷ ಕಳೆದಿತ್ತು.

ಊರಿನಲ್ಲಿ ಯಾರೂ ಇರಲಿಲ್ಲ.

1616ರಿಂದ 1619ರ ನಡುವೆ ಆ ತೀರದಲ್ಲಿ ಭಾರಿ ಸಾಂಕ್ರಾಮಿಕ ರೋಗ ಹಬ್ಬಿತ್ತು. ಯುರೋಪಿನ ಹಡಗುಗಳ ಜೊತೆ ಬಂದ ರೋಗ ಅದು. ಅಲ್ಲಿನವರ ಮೈಗೆ ಅದು ಹೊಸದು, ತಡೆಯುವ ಶಕ್ತಿ ಇರಲಿಲ್ಲ. ಪಟಕ್ಸೆಟ್‌ನಲ್ಲಿ ಒಬ್ಬರೂ ಉಳಿಯಲಿಲ್ಲ. ಹೊಲಗಳು ಪಾಳುಬಿದ್ದಿದ್ದವು. ಊರಿನ ಹೆಸರೂ ಉಳಿದಿರಲಿಲ್ಲ. ಜಾನ್ ಸ್ಮಿತ್ 1616ರಲ್ಲಿ ಅಚ್ಚು ಹಾಕಿಸಿದ ನಕ್ಷೆಯಲ್ಲಿ ಇಂಗ್ಲೆಂಡಿನ ಯುವರಾಜ ಚಾರ್ಲ್ಸ್ ಆ ಜಾಗಕ್ಕೆ ‘ಪ್ಲಿಮತ್’ ಎಂದು ಹೆಸರಿಟ್ಟಿದ್ದ. ಯುವರಾಜ ಆ ಊರನ್ನು ಕಂಡವನೇ ಅಲ್ಲ.

1620ರ ಕೊನೆಗೆ ‘ಮೇಫ್ಲವರ್’ ಎಂಬ ಹಡಗಿನಲ್ಲಿ 102 ಜನ ಇಂಗ್ಲೆಂಡಿನಿಂದ ಬಂದರು. ತಮ್ಮ ನಂಬಿಕೆಯಂತೆ ಬಾಳಲು ಜಾಗ ಹುಡುಕುತ್ತಿದ್ದವರು ಅವರಲ್ಲಿ ಅನೇಕರು. ದಡದಲ್ಲಿ ಸುತ್ತಾಡುವಾಗ ನೆಲದೊಳಗೆ ಹೂತಿಟ್ಟಿದ್ದ ಜೋಳ ಅವರ ಕಣ್ಣಿಗೆ ಬಿತ್ತು. ನಮ್ಮ ಹಿರಿಯರು ಹಗೇವಿನಲ್ಲಿ ರಾಗಿ ತುಂಬಿಡುತ್ತಿದ್ದರಲ್ಲ, ಹಾಗೆ ಅಲ್ಲಿನವರು ಕೂಡಿಟ್ಟದ್ದು. ಇವರು ಅದನ್ನು ಬಿತ್ತನೆಗೆಂದು ತೆಗೆದುಕೊಂಡರು. ನೆಲೆ ನಿಂತದ್ದು ಪಾಳುಬಿದ್ದ ಪಟಕ್ಸೆಟ್‌ನಲ್ಲಿ. ಆದರೆ ಆ ಚಳಿಗಾಲ ಅವರಿಗೂ ಕರುಣೆ ತೋರಲಿಲ್ಲ. ಹಸಿವು, ರೋಗದಿಂದ ಹೆಚ್ಚುಕಡಿಮೆ ಅರ್ಧದಷ್ಟು ಜನ ಸತ್ತರು.

1621ರ ಮಾರ್ಚ್‌ನಲ್ಲಿ ಟಿಸ್ಕ್ವಾಂಟಮ್ ಅವರ ಮುಂದೆ ಬಂದು ನಿಂತ. ಮಕ್ಕಳೇ, ಸ್ವಲ್ಪ ಯೋಚಿಸಿ. ತನ್ನನ್ನು ಕದ್ದೊಯ್ದವರ ಭಾಷೆಯಾಡುವ ಜನ, ತನ್ನವರು ಸತ್ತ ನೆಲದಲ್ಲಿ ಮನೆ ಕಟ್ಟುತ್ತಿದ್ದಾರೆ. ಹಸಿದಿದ್ದಾರೆ. ಅವನು ಅವರ ಜೊತೆಯಲ್ಲೇ ಉಳಿದ. ಮೆಕ್ಕೆಜೋಳ ಬಿತ್ತುವಾಗ ಮಣ್ಣಿಗೆ ಮೀನು ಹಾಕಿ ಗೊಬ್ಬರ ಮಾಡುವುದನ್ನು ತೋರಿಸಿದ. ಮೀನು ಎಲ್ಲಿ, ಯಾವಾಗ ಸಿಗುತ್ತದೆ ಎಂದು ಹೇಳಿಕೊಟ್ಟ. ಆ ನಾಡಿನವರು ಜೋಳದ ಜೊತೆಗೇ ಹುರುಳಿಕಾಯಿ, ಕುಂಬಳವನ್ನೂ ಬೆಳೆಯುತ್ತಿದ್ದರು. ನಮ್ಮ ರಾಗಿ ಹೊಲದ ಅಕ್ಕಡಿ ಸಾಲು ನೆನಪಾಯಿತೇ ಅಜ್ಜಂದಿರೇ? ಇಂಗ್ಲೆಂಡಿನಿಂದ ತಂದ ಗೋಧಿ, ಬಟಾಣಿ ಕೈಕೊಟ್ಟವು. ಮೆಕ್ಕೆಜೋಳ ಕೈಹಿಡಿಯಿತು. ಇಂದು ದಾವಣಗೆರೆ, ಹಾವೇರಿ ಕಡೆ ಹೊಲ ತುಂಬಾ ಬೆಳೆಯುವ ಮೆಕ್ಕೆಜೋಳದ ತವರೂ ಅಮೆರಿಕವೇ.

ವಾಂಪನೋಗ್ ಜನರ ನಾಯಕ ಮ್ಯಾಸಸೋಯಿಟ್‌ಗೂ ಇಂಗ್ಲಿಷರಿಗೂ ಅದೇ ವರ್ಷ ಒಪ್ಪಂದವಾಯಿತು. ನಡುವೆ ನಿಂತು ಮಾತು ದಾಟಿಸಿದವರಲ್ಲಿ ಟಿಸ್ಕ್ವಾಂಟಮ್ ಮುಖ್ಯ. ಶರತ್ಕಾಲದ ಸುಗ್ಗಿಯಾದಾಗ ಮ್ಯಾಸಸೋಯಿಟ್ ಸುಮಾರು 90 ಜನರೊಂದಿಗೆ ಬಂದ. ಅವರು ಐದು ಜಿಂಕೆ ಬೇಟೆಯಾಡಿ ತಂದರು. ಮೂರು ದಿನ ಊಟ ನಡೆಯಿತು. ಪುಟ್ಟಿಯ ನಾಟಕ ಮುಗಿಯುವುದು ಈ ಊಟದಲ್ಲಿ.

ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಟಿಸ್ಕ್ವಾಂಟಮ್ ದೇವರಂಥವನೇನಲ್ಲ. ಇಂಗ್ಲಿಷರು ಆ ರೋಗವನ್ನು ನೆಲದಲ್ಲಿ ಹೂತಿಟ್ಟಿದ್ದಾರೆ, ಬೇಕಾದಾಗ ಬಿಡುತ್ತಾರೆ ಎಂದು ತನ್ನವರನ್ನೇ ಹೆದರಿಸಿ ದೊಡ್ಡಸ್ತಿಕೆ ಪಡೆಯಲು ನೋಡಿದ. ಅದು ಬಯಲಾಗಿ ಮ್ಯಾಸಸೋಯಿಟ್ ಅವನ ತಲೆ ಕೇಳಿದ. ಪ್ಲಿಮತ್‌ನ ಗವರ್ನರ್ ವಿಲಿಯಂ ಬ್ರಾಡ್‌ಫರ್ಡ್ ಅವನನ್ನು ಬಿಟ್ಟುಕೊಡಲಿಲ್ಲ. 1622ರ ನವೆಂಬರ್‌ನಲ್ಲಿ ಜ್ವರ ಬಂದು ಸತ್ತ. ಎರಡು ಕಡೆಗೂ ಬೇಕಾದವನು, ಯಾವ ಕಡೆಗೂ ಪೂರ್ತಿ ಸೇರದವನು.

ಒಪ್ಪಂದ ಮ್ಯಾಸಸೋಯಿಟ್ ಬದುಕಿರುವವರೆಗೂ ಉಳಿಯಿತು. ಹಡಗುಗಳು ಬರುತ್ತಲೇ ಇದ್ದವು, ನೆಲ ಕೈತಪ್ಪುತ್ತಲೇ ಹೋಯಿತು. 1675ರಲ್ಲಿ ಮ್ಯಾಸಸೋಯಿಟ್‌ನ ಮಗ ಮೆಟಕಾಮ್ ಇಂಗ್ಲಿಷರ ವಿರುದ್ಧ ಯುದ್ಧಕ್ಕಿಳಿದ. ಮರುವರ್ಷ ಅವನನ್ನು ಕೊಂದರು. ಸೆರೆಸಿಕ್ಕ ಅನೇಕರನ್ನು ಹಡಗು ಹತ್ತಿಸಿ ವೆಸ್ಟ್ ಇಂಡೀಸ್ ದ್ವೀಪಗಳಿಗೆ ಗುಲಾಮರನ್ನಾಗಿ ಮಾರಿದರು. 1614ರ ಆ ಹಡಗು ಮತ್ತೆ ಬಂದಂತಾಯಿತು.

ಆದರೂ ವಾಂಪನೋಗ್ ಜನ ಇಂದಿಗೂ ಅಲ್ಲಿದ್ದಾರೆ. 1970ರಿಂದ ಅವರಲ್ಲಿ ಅನೇಕರು ಆ ಹಬ್ಬದ ದಿನ ಪ್ಲಿಮತ್‌ನಲ್ಲಿ ಸೇರಿ ಶೋಕದ ದಿನ ಆಚರಿಸುತ್ತಾರೆ. ಅವರ ಭಾಷೆಯನ್ನು ಆಡುವವರು ನೂರು ವರ್ಷಕ್ಕೂ ಹೆಚ್ಚು ಕಾಲ ಇರಲಿಲ್ಲ. ಜೆಸ್ಸಿ ಲಿಟಲ್ ಡೋ ಬೇರ್ಡ್ ಎಂಬ ಮಹಿಳೆ 1993ರಿಂದ ಹಳೆಯ ದಾಖಲೆಗಳನ್ನು ಓದಿ ಅದನ್ನು ಮತ್ತೆ ಕಟ್ಟುವ ಕೆಲಸಕ್ಕೆ ಕೈಹಾಕಿದರು. 1663ರಲ್ಲಿ ಆ ಭಾಷೆಯಲ್ಲಿ ಅಚ್ಚಾಗಿದ್ದ ಬೈಬಲ್ ಅದಕ್ಕೆ ನೆರವಾಯಿತು. ಅವರ ಮಗಳು ಹುಟ್ಟಿದಾಗಿನಿಂದ ಆ ಭಾಷೆ ಕೇಳುತ್ತಲೇ ಬೆಳೆದಳು.

ಇಷ್ಟನ್ನೂ ಎರಡು ಭಾನುವಾರ ಕೂತು ಪುಟ್ಟಿಗೆ ಹೇಳಿದೆ. ಅವಳು ಬಹಳ ಹೊತ್ತು ಸುಮ್ಮನಿದ್ದಳು. “ತಾತ, ನಾಟಕದಲ್ಲಿ ನಾನು ‘ನಿಮಗೆ ಸಹಾಯ ಮಾಡ್ತೀನಿ’ ಅಂತಷ್ಟೇ ಹೇಳ್ತೀನಿ. ಅದಕ್ಕೆ ಮುಂಚೆ ಇನ್ನೊಂದು ಮಾತು ಬೇಕು” ಎಂದಳು.

ಮೊನ್ನೆ ಮತ್ತೆ ಕರೆ ಬಂತು. ಮಿಸ್ ಒಪ್ಪಿದರಂತೆ. ಈಗ ಸ್ಕ್ವಾಂಟೊ ವೇದಿಕೆಗೆ ಬಂದು ಮೊದಲು ಹೇಳುವ ಮಾತು: “ಇದು ನಮ್ಮೂರು. ಇದರ ಹೆಸರು ಪಟಕ್ಸೆಟ್.”

ಈ ವಾರದ ಕೆಲಸ: ಮಕ್ಕಳೇ, ನಿಮ್ಮೂರಿಗೆ ಅಥವಾ ನಿಮ್ಮ ಬೀದಿಗೆ ಹಿಂದೆ ಬೇರೆ ಹೆಸರಿತ್ತೇ ಎಂದು ಮನೆಯ ಹಿರಿಯರನ್ನು ಕೇಳಿ. ಹಿರಿಯರೇ, ನೆನಪಿದ್ದಷ್ಟು ಹೇಳಿ. ಕೇಳಿದ್ದನ್ನು ಅಂಚೆಕಾರ್ಡಿನಲ್ಲಿ ಬರೆದು ನನಗೆ ಕಳಿಸಿ.